ಪ್ರಶ್ನೆಯಲ್ಲಿ ಇಲ್ಲದ ಬೇವಿನ ಗಿಡ

ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು. ಹೆಸರು ಬೇರೆ ಬೇರೆ, ಒಳಗಿನ ಮಾತು ಒಂದೇ.

"ಇದು ಕಳ್ಳತನ," ಎಂದರು ಹಂಪಣ್ಣ ಸರ್, ಕೆಂಪು ಪೆನ್ನು ಕುಟ್ಟುತ್ತ. "ಗುರುಬಸವ ಮೊದಲು ಕೊಟ್ಟಾನ. ನೀ ಆಮ್ಯಾಲ ಕೊಟ್ಟಿ. ಅಂದ್ರ ಕದ್ದಾಕಿ ಯಾರು, ಗಂಗಾ?"

ಸಿಂಧನೂರಿನ ಆ ಕಾನೂನು ಕಾಲೇಜಿನ ಆನರ್ಸ್ ತರಗತಿಗೆ ಒಂದು ಕಲ್ಪಿತ ದಾವೆ ಕೊಟ್ಟಿದ್ದರು. ಇಬ್ಬರು ರೈತರು, ನಡುವೆ ಒಂದು ಬದು. ತಡೆಯಾಜ್ಞೆ ಕೇಳಿ ಅರ್ಜಿ ಬರೆಯಬೇಕು. ಚೆನ್ನಾಗಿ ಬರೆದವರು ರಾಜ್ಯಮಟ್ಟದ ಅಣಕು ನ್ಯಾಯಾಲಯಕ್ಕೆ. ಕದ್ದವರು ಆನರ್ಸಿನಿಂದಲೇ ಹೊರಗೆ. ತುರ್ವಿಹಾಳದಿಂದ ದಿನಾ ಬಸ್ಸಿನಲ್ಲಿ ನಿಂತು ಬರುವ ಗಂಗಾ ತುಟಿ ಕಚ್ಚಿ ನಿಂತಿದ್ದಳು.

ಹಿಂದಿನ ಬೆಂಚಿನಿಂದ ಲಿಂಗಸುಗೂರಿನ ಲಾಲ್‌ಬೀ ಎದ್ದಳು. ಮಾತು ಕಡಿಮೆಯ ಹುಡುಗಿ. ಯಾರು ಏನೆಂದರು ಎನ್ನುವುದಕ್ಕಿಂತ ಯಾರು ಎಲ್ಲಿ ಸುಮ್ಮನಾದರು ಎಂಬುದೇ ಅವಳ ಮನಸ್ಸಿನಲ್ಲಿ ಉಳಿಯುತ್ತಿತ್ತು. ನಿನ್ನೆಯಿಂದ ಒಂದು ಮೌನ ಮುಳ್ಳಿನಂತೆ ಚುಚ್ಚುತ್ತಿತ್ತು.

"ಗಂಗಾನ ವಕೀಲಿ ನಾ ರೀ ಸರ್. ಪಾಟೀಸವಾಲು ಮಾಡಾಕ ಬಿಡ್ರಿ."

"ಲಿಂಗಸುಗೂರು ಹೈಕೋರ್ಟ್ ಎದ್ದು ನಿಂತೈತಿ ನೋಡ್ರಲೇ!" ಯಾರೋ ಅಂದರು. ತರಗತಿ ನಕ್ಕಿತು. ಹಂಪಣ್ಣ ಸರ್ ಕೂಡ ನಕ್ಕರು. "ಮಾಡವ್ವಾ. ನಿನಗೂ ರೂಢಿ ಆಗ್ಲಿ."

"ಗುರುಬಸವ, ಆ ಬದುವಿನ ಮ್ಯಾಲ ಏನೈತಿ?"

"ಬೇವಿನ ಗಿಡ."

"ಯಾರು ಹೇಳಿದ್ರು?"

"ಪ್ರಶ್ನಾದಾಗ ಐತೆಲ್ಲ?"

"ಓದಿ ತೋರಸು."

ಅವನು ಪ್ರಶ್ನೆಯ ಹಾಳೆ ತಿರುವಿದ. ಮತ್ತೆ ತಿರುವಿದ. ಬದು ಇತ್ತು. ಗಿಡ ಇರಲಿಲ್ಲ.

"ಗಂಗಾ, ನಿನ್ನ ಅರ್ಜಿಯಾಗ ಹೆಂಗ ಬಂತು?"

"ನಮ್ಮ ಹೊಲದ ಬದುವಿಗೆ ಐತೆವ್ವಾ. ಅದರ ಬುಡಕ್ಕ ಕುಂತು ಬರದೆ. ಗೊತ್ತಿಲ್ದಂಗ ಬಂದುಬಿಟ್ಟೈತಿ."

ಎಲ್ಲರೂ ಗುರುಬಸವನತ್ತ ತಿರುಗಿದರು. "ಇಬ್ಬರದೂ ಟೈಪ್ ಮಾಡಿದ ಇಸ್ಮಾಯಿಲ್‌ಸಾಬ್ ಕೊಟ್ಟಿರಬೇಕು," ಎಂದಿತು ಒಂದು ದನಿ.

"ಅಲ್ಲ." ಲಾಲ್‌ಬೀ ಎರಡೂ ಅರ್ಜಿ ಎತ್ತಿ ಹಿಡಿದಳು. "ಇವೆರಡರಾಗ ಒಂದ ಒಂದು ಶಬ್ದ ಬ್ಯಾರೆ ಐತಿ. ಗಂಗಾ 'ಬೇವಿನ ಗಿಡ' ಅಂತ ಬರದಾಳ. ಇವನದ್ರಾಗ 'ಬೇವಿನ ಮರ'. ಇಸ್ಮಾಯಿಲ್‌ಸಾಬ್ ಬರದಂಗ ಹೊಡಿತಾನ, ತಿದ್ದೂದಿಲ್ಲ. ಗುರುಬಸವ ಈಗ ಬಾಯಿಬಿಟ್ರ ಗಿಡ ಅಂದ. ಮತ್ತ ಮರ ಮಾಡಿದೋರು ಯಾರು?"

ಅವಳು ಹಂಪಣ್ಣ ಸರ್ ಕಡೆ ತಿರುಗಿದಳು.

"ನಮ್ಮ ಕಡೆ ಮರಕ್ಕೂ ಗಿಡ ಅಂತೀವಿ. ನಾವು ಹಂಗ ಬರದಾಗೆಲ್ಲ ಕೆಂಪು ಪೆನ್ನಿಲೆ ಹೊಡದು ಮರ ಮಾಡೋರು ಒಬ್ರ ಅದಾರ. ಇನ್ನೊಂದ್ರಿ ಸರ್ — ಪ್ರಶ್ನಾದಾಗ ಇಲ್ಲದ್ದು ಬರದ್ರ ಮಾರ್ಕ್ಸ್ ಕಡಿಯೋರು ನೀವು. ನಿನ್ನೆಯಿಂದ ಕಾಪಿ, ಕಾಪಿ ಅನ್ನಾಕತ್ತೀರಿ. ಇಲ್ಲದ ಗಿಡದ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಯಾಕ್ರಿ? ಗಂಗಾ ಮೊದಲು ನಿಮಗ ತೋರಿಸಿದ್ಲು. ಒಂದು ಗೀಟೂ ಹಾಕ್ಲಾರದ ವಾಪಸ್ ಕೊಟ್ರಿ. ತಿದ್ದಿದ್ದು ಮಾತ್ರ ಗುರುಬಸವನ ಪ್ರತಿಯಾಗ ಬಂತು. ಕಳ್ಳರು ನೀವು, ಸರ್."

ಗುರುಬಸವ ತಲೆ ಎತ್ತಲಿಲ್ಲ. "ನಾ ಕೇಳಿರ್ಲಿಲ್ಲ... ಅಪ್ಪ ಕೇಳಿದ್ದ."

ಅವನ ಅಪ್ಪ ಮಸ್ಕಿಯ ದೊಡ್ಡ ವ್ಯಾಪಾರಿ. ಕಾಲೇಜು ನಡೆಯುತ್ತಿದ್ದುದು ಅವರ ಕಟ್ಟಡದಲ್ಲಿ.

ಹಂಪಣ್ಣ ಸರ್ ಗಂಟಲು ಸರಿಪಡಿಸಿಕೊಂಡರು. "ಬಾಯಿಮಾತು ನಡಿಯೂದಿಲ್ಲ. ಶಿಸ್ತು ಸಮಿತಿ ಅಧ್ಯಕ್ಷರಿಗೆ ದೂರು ಬರದು ಕೊಡ್ರಿ."

"ಅಧ್ಯಕ್ಷರು ಯಾರ್ರಿ?"

"ನಾನ."

ಗಂಗಾ ನಿಂತಲ್ಲೇ ಬರೆದು ಕೊಟ್ಟಳು: ನನ್ನ ಅರ್ಜಿಯನ್ನು ಅದರ ಬೇವಿನ ಗಿಡದ ಸಮೇತ ಕದ್ದಿದ್ದಾರೆ.

ಅವರು ಓದಿದರು. ಓದುತ್ತಲೇ ಕೈ ತನ್ನ ಪಾಡಿಗೆ ಚಲಿಸಿತು. ಕೆಂಪು ಪೆನ್ನು 'ಗಿಡ'ವನ್ನು ಹೊಡೆದುಹಾಕಿ ಮೇಲೆ 'ಮರ' ಎಂದು ಬರೆಯಿತು.

ಇಡೀ ತರಗತಿ ಕಂಡಿತು. ಕೊನೆಗೆ ಕಂಡವರು ಅವರೇ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದರು.

ಮರುವಾರ ನೋಟಿಸ್ ಬೋರ್ಡಿಗೆ ತೀರ್ಪು ಬಂತು. ದೂರು ವಜಾ. ಗಂಗಾ ಆನರ್ಸಿನಿಂದ ಹೊರಗೆ. ರಾಜ್ಯಮಟ್ಟಕ್ಕೆ ಗುರುಬಸವ. ಅಂದು ಕಂಡವರೆಲ್ಲ ಬೋರ್ಡಿನ ಮುಂದೆ ನಿಂತು ಓದಿದರು, ಒಬ್ಬರೂ ಮಾತಾಡಲಿಲ್ಲ. ಈ ಮೌನದ ಅರ್ಥ ಹುಡುಕಲು ಲಾಲ್‌ಬೀಗೆ ಯಾವ ಸುಳಿವೂ ಬೇಕಾಗಲಿಲ್ಲ.

ವಜಾಕ್ಕೆ ಕೊಟ್ಟ ಕಾರಣ ಒಂದೇ ಸಾಲು: ಸಾಕ್ಷ್ಯವಿಲ್ಲ.

ಸಾಕ್ಷ್ಯ ಅಧ್ಯಕ್ಷರ ಜೇಬಿನಲ್ಲಿತ್ತು.