ಸಿಹಿ ದನಿಯ ಮೇಲೊಂದು ದೂರು

"ಆ ಹೆಣ್ಣನ್ನ ಹಿಡೀಬೇಕ್ರಿ ಮೇಡಂ! ಬಿಡಬ್ಯಾಡ್ರಿ!"

ಟಪಾಲಿನ ಮೇಜಿನ ಮೇಲೆ ಅರ್ಜಿ ಇಟ್ಟ ಯುವಕ ಏದುಸಿರು ಬಿಡುತ್ತಿದ್ದ.

ಹುಮನಾಬಾದಿನ ಡಿವೈಎಸ್ಪಿ ಕಚೇರಿಗೆ ಬರುವ ಅರ್ಜಿಗಳಿಗೆಲ್ಲ ಸಂಖ್ಯೆ ಹಾಕಿ ಸೀಲು ಒತ್ತುವವಳು ಮಯೂರಿ. ಖಾಕಿ ಇಲ್ಲ, ಲಾಠಿ ಇಲ್ಲ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಗುಮಾಸ್ತೆ. ಓಣಿಯವರ ಪಾಲಿಗೆ ಅವಳು ಪೊಲೀಸ್, ಪೊಲೀಸರ ಪಾಲಿಗೆ ಕ್ಲರ್ಕ್ ಮೇಡಂ!

ಅರ್ಜಿ ಓದತೊಡಗಿದಳು.

'ನಾನು ಸಂಘರತ್ನ ತಂದೆ ದೇವಿಂದ್ರಪ್ಪ, ಊರು ನಾರಾಯಣಪುರ. ಪೊಲೀಸ್ ಆಫೀಸಿನವಳೆಂದು ಹೇಳಿ ಒಬ್ಬ ಹೆಣ್ಣು ಮೂರು ಸಲ ಫೋನ್ ಮಾಡಿ, ನಿಮ್ಮ ಹೆಸರಲ್ಲಿ ಕೇಸ್ ಇದೆ, ಕಾಗದ ತನ್ನಿ ಎಂದು ಹೆದರಿಸಿರುತ್ತಾಳೆ. ಸದರಿಯವಳ ದನಿ ಬಹಳ ಸಿಹಿಯಾಗಿದ್ದು, ಯಾರಾದರೂ ಮೋಸ ಹೋಗುವ ಸಂಭವವಿರುತ್ತದೆ...'

ಕೆಳಗೆ ಬರೆದ ಮೊಬೈಲ್ ನಂಬರ್ ಅವಳದೇ!

ಮಯೂರಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಆ 'ಸಿಹಿ' ಎಂಬ ಮಾತಿನ ಹತ್ತಿರ ಬಂದು ನಿಂತುಬಿಟ್ಟಿತು.

ಸೀಲು ಒತ್ತಿ, ೨೧೪ ಎಂದು ಬರೆದು ತಲೆಯೆತ್ತಿದಳು. "ಆ ದನಿ ಹಿಂಗ ಇತ್ತೇನ್ರಿ?"

ಸಂಘರತ್ನನ ಮುಖದ ಬಣ್ಣ ಇಳಿಯಿತು. "ಅಯ್ಯಯ್ಯೋ... ನೀವಾ?"

"ನಾನ! ಲೈನ್‌ಮನ್ ಕೆಲಸಕ್ಕ ಆಯ್ಕೆ ಆಗೀರಲ್ಲ, ನಿಮ್ಮ ನಡತೆ ವರದಿ ನಾಳೆ ಸಂಜಿಯೊಳಗ ಬೀದರದ ಎಸ್ಪಿ ಆಫೀಸಿಗೆ ಹೋಗ್ಬೇಕು. ಮೋರಖಂಡಿಯಾಗ ಇನ್ನೊಬ್ಬ ಸಂಘರತ್ನ ಇದ್ದಾನ, ಅವನ ಅಪ್ಪನ ಹೆಸರೂ ದೇವಿಂದ್ರಪ್ಪ. ಬಡಿದಾಟದ ಕೇಸ್ ಅವಂದು. ನೀವು ಅವ ಅಲ್ಲ ಅಂತ ತೋರಸಾಕ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೇಳಿದ್ರ, ನನ್ನ ಮ್ಯಾಲೇ ದೂರು ತಂದೀರಿ!"

"ಫೋನ್‌ನ್ಯಾಗ ಪೊಲೀಸ್ ಅಂದ್ರ ನಂಬಬ್ಯಾಡ್ರಿ ಅಂತ ನಿಮ್ಮವರ ಹೇಳ್ಯಾರಲ್ರಿ..."

ಕಂಬ ಹತ್ತಬೇಕಾದ ಗಂಡಸು ನೆಲದ ಮೇಲೆ ನಿಂತೇ ನಡುಗುತ್ತಿದ್ದ! ಮಯೂರಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ಅವನು ಮಾರ್ಕ್ಸ್ ಕಾರ್ಡ್ ಹಿಡಿದು ನಿಂತಿದ್ದ. ಇಬ್ಬರು ಸಂಘರತ್ನರ ವಯಸ್ಸಿನಲ್ಲಿ ಆರು ವರ್ಷದ ಅಂತರ. ಮಯೂರಿ ಟಿಪ್ಪಣಿ ಬರೆದಳು, ಸಾಹೇಬರು ಸಹಿ ಮಾಡಿದರು, ಸಂಜೆಯ ಟಪಾಲಿನಲ್ಲಿ ವರದಿ ಹೊರಟಿತು.

"ಬೀದರದಾಗ ಒಪ್ಪಿದ ಕೂಡಲೇ ನಾನ ಫೋನ್ ಮಾಡ್ತೇನಿ" ಎಂದಳು.

"ಕಾಯ್ತೇನ್ರಿ ಮೇಡಂ."

ಎರಡೇ ಮಾತು. ಆದರೆ ಬಸವಕಲ್ಯಾಣ ಬರುವ ತನಕ ಬಸ್ಸಿನಲ್ಲಿ ಅವಳ ಕಿವಿಯಲ್ಲಿ ಅದೇ... ಕಾಯ್ತೇನ್ರಿ...

ಎಂಟು ದಿನಕ್ಕೆ ವರದಿ ಒಪ್ಪಿಗೆಯಾಯಿತು. ಮಯೂರಿ ಕುಣಿಯುವಷ್ಟು ಖುಷಿಯಲ್ಲಿ ಫೋನ್ ಮಾಡಿದಳು. ಕಟ್! ಮತ್ತೆ ಮಾಡಿದಳು. ಕಟ್! ಮೆಸೇಜಿಗೂ ಉತ್ತರವಿಲ್ಲ.

ಕೆಲಸ ಆಯಿತಲ್ಲ... ಇನ್ನು ಈ ಕ್ಲರ್ಕ್ ಯಾಕೆ ಬೇಕು?

ಎರಡು ತಿಂಗಳು ಕಳೆದವು. ಅಂದು ಶುಕ್ರವಾರ, ಅವ್ವ ದ್ರೌಪತಿ ರೊಟ್ಟಿ ಬಡಿಯುತ್ತ ಕೇಳಿದಳು. "ನಿನ್ನ ನೋಡಿ ಹೋದ ಉದಗೀರದವ್ರಿಗೆ ರವಿವಾರ ಜವಾಬು ಕೊಡ್ಬೇಕು. ನಿನ್ನ ಮನಸ್ಸಿನ್ಯಾಗ ಯಾರರ ಅದಾರೇನವ್ವ?"

"ಯಾರೂ ಇಲ್ಲ" ಎಂದಳು ಮಯೂರಿ. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದಳು.

ಮರುದಿನ ಕಚೇರಿಯಲ್ಲಿ ಹೆಡ್ ಕ್ಲರ್ಕ್ ವಸೀಮ್ ಸಾಹೇಬರು ಪುಸ್ತಕ ತಿರುವುತ್ತ ಕೂಗಿದರು. "ಬೇಟಿ, ಈ ೨೧೪ ಇನ್ನೂ ಬಾಕಿ ಅದ ನೋಡು! ಅರ್ಜಿದಾರನ್ನ ಕರೆಸಿ, ಹೇಳಿಕೆ ತಗೊಂಡು ಮುಗಿಸು."

ಕಚೇರಿಯ ಲ್ಯಾಂಡ್‌ಲೈನ್‌ನಿಂದ ನಂಬರ್ ಒತ್ತಿದಳು. ಅರೆ, ರಿಂಗಾಯಿತು! ಎತ್ತಿಯೂ ಬಿಟ್ಟ!

"ಅರ್ಜಿ ೨೧೪ರ ಬಗ್ಗೆ ಮಾತಾಡಾಕತ್ತೇನಿ." ದನಿಯನ್ನು ಆದಷ್ಟು ಒಣಗಿಸಿಕೊಂಡಿದ್ದಳು.

"ಮೇಡಂ! ಎರಡ ತಿಂಗಳಾತು ಕಾಯಾಕತ್ತೇನಿ... ಮರತೇಬಿಟ್ರಿ ಅಂತ ತಿಳಕೊಂಡಿದ್ದೆ!"

"ನಾ ಮಾಡೇನಿ. ನೀವ ಎತ್ತಿಲ್ಲ."

ಆ ಕಡೆ ಹಣೆ ಬಡಿದುಕೊಂಡ ಸಪ್ಪಳ! "ಅಯ್ಯಯ್ಯೋ... ಕಳ್ಳಿ ನಂಬರ್ ಅಂತ ಬ್ಲಾಕ್ ಮಾಡಿದ್ದು ಹಂಗ ಅದ ಮೇಡಂ! ತೆಗೀಲೇ ಇಲ್ಲ!"

ಮಯೂರಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಎರಡು ತಿಂಗಳಿಂದ ಹೊತ್ತ ಭಾರ ಒಂದೇ ಮಾತಿಗೆ ಇಳಿದಿತ್ತು. ನಗುವೋ ಅಳುವೋ, ಎರಡೂ ಕೂಡಿಯೇ ಬಂದವು.

ಮಧ್ಯಾಹ್ನ ಸಂಘರತ್ನ ಅದೇ ಮೇಜಿನ ಮುಂದೆ ಬಂದು ಕುಳಿತ. ಬೆವರು ಒರೆಸಿಕೊಂಡು, ಒತ್ತಿ ಒತ್ತಿ ಹೇಳಿಕೆ ಬರೆದುಕೊಟ್ಟ.

'ಸದರಿ ದನಿ ಅಸಲಿಯಾಗಿದ್ದು, ಯಾವ ಮೋಸವೂ ನಡೆದಿರುವುದಿಲ್ಲ. ಆದರೆ ಅಂದಿನಿಂದ ಅರ್ಜಿದಾರನ ಮನಸ್ಸು ಅವನ ಹತ್ತಿರ ಇರುವುದಿಲ್ಲ. ಸದರಿಯವಳಿಗೆ ಒಪ್ಪಿಗೆ ಇದ್ದಲ್ಲಿ, ನಾಳೆ ರವಿವಾರ ಅವ್ವನನ್ನು ಕರೆದುಕೊಂಡು ಅವಳ ಮನೆಗೆ ಬರಲು ತಯಾರಿರುತ್ತೇನೆ.'

"ಇದನ್ನ ಫೈಲಿಗೆ ಹ್ಯಾಂಗ ಹಚ್ಚಲ್ರಿ?" ಮಯೂರಿ ಕಾಗದವನ್ನು ಮತ್ತೊಮ್ಮೆ ಓದಿದಳು.

"ಫೈಲಿಗೆ ಬ್ಯಾರೆ ಬರದು ಕೊಡ್ತೇನ್ರಿ. ಇದು ನಿಮಗ."

ಉದಗೀರದವರಿಗೆ ಏನು ಹೇಳಬೇಕೆಂದು ಈಗ ಅವಳಿಗೆ ಗೊತ್ತಾಗಿತ್ತು. ಕಾಗದವನ್ನು ಮಡಚಿ ತನ್ನ ಚೀಲದೊಳಗೆ ಇಟ್ಟುಕೊಂಡಳು. ಮೊಬೈಲ್ ತೆಗೆದು ನಂಬರ್ ಒತ್ತಿದಳು.

ಈ ಸಲ ಕಟ್ ಆಗಲಿಲ್ಲ, ಎದುರಿಗಿದ್ದವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು!

"ಹಲೋ..." ಎಂದ, ಅವಳನ್ನೇ ನೋಡುತ್ತ.

"ಪೊಲೀಸ್ ಆಫೀಸಿಂದ ಮಾತಾಡಾಕತ್ತೇನಿ. ನಾಳೆ ಬರೂದಕ್ಕ ನಮ್ಮದೇನೂ ತಕರಾರಿಲ್ಲ."

"ಖರೇ ಏನ್ರಿ? ಮೋಸ ಅಲ್ಲಲ್ಲ?"

"ಖರೇ. ಆದ್ರ ಇನ್ನೊಮ್ಮೆ ಬ್ಲಾಕ್ ಮಾಡಿದ್ರ... ಈ ಸಲ ದೂರು ನಂದು!"