ಪಟ್ಟಿಗೆ ಬಾರದ ಆಟಗಾರ

ಹೊಸಕೋಟೆಯ ಹಾಕಿ ಲೀಗ್ ಕಚೇರಿಗೆ ಬೆಳಿಗ್ಗೆ ಒಂಬತ್ತಕ್ಕೆ ಕಸ ಗುಡಿಸಲು ಬಂದ ಮಾರಕ್ಕ ಕಿರುಚಿದ್ದು ಎದುರಿನ ಟೀ ಅಂಗಡಿಯವರೆಗೂ ಕೇಳಿಸಿತು. ದಿನಾ ಎಂಟಕ್ಕೇ ಬಂದು ಕಚೇರಿ ತೆಗೆಯುವ ಗುಮಾಸ್ತ ಲಕ್ಷ್ಮಯ್ಯ ತೆರೆದ ಬೀರುವಿನ ಮುಂದೆ ಬಿದ್ದಿದ್ದರು. ತಲೆಯ ಹಿಂದೆ ಹಸಿ ರಕ್ತ. ಉಸಿರಿತ್ತು, ಮಾತಿರಲಿಲ್ಲ. ಪಕ್ಕದಲ್ಲಿ ಒಂದು ಹಾಕಿ ಸ್ಟಿಕ್. ಅದರ ಮೇಲೆ ಬೀರೇಶ್ ಎಂಬ ಹೆಸರು.

ಸಬ್ ಇನ್ಸ್‌ಪೆಕ್ಟರ್ ಮಮತಳಿಗೆ ಇನ್ನೇನು ಬೇಕು? ಬೀರೇಶ್ ನೆಲಮಂಗಲ ತಂಡದ ಕೋಚ್. ಹಿಂದಿನ ಸಂಜೆ ಇದೇ ಕಚೇರಿಯಲ್ಲಿ ಕೂಗಾಡಿ ಹೋಗಿದ್ದ. ಹತ್ತು ಗಂಟೆಗೆ ಮೈದಾನದಲ್ಲಿ ಅಭ್ಯಾಸ ಮಾಡಿಸುತ್ತಿದ್ದವನನ್ನು ಅವನ ಆಟಗಾರರ ಎದುರೇ ಕಾಲರ್ ಹಿಡಿದು ಜೀಪಿಗೆ ಹತ್ತಿಸಿದಳು.

"ಸಂಜೆ ಐದಕ್ಕೆ ಕೋರ್ಟು," ಅಂದಳು.

"ನನ್ನ ಕೈಗೆ ಮೊದಲ ಸ್ಟಿಕ್ ಕೊಟ್ಟಿದ್ದೇ ಲಕ್ಷ್ಮಯ್ಯನೋರು, ಮೇಡಂ," ಅಂದ ಬೀರೇಶ್. "ಅವರ ಮೇಲೆ ಕೈ ಎತ್ತಿದೋನು ಅಂತ ಹೆಸರು ಬಂದ್ರೆ ನಾನು ಬದುಕಿದ್ದೇನು ಪ್ರಯೋಜನ?"

* * *

"ಮತ್ತೆ ಜಗಳ ಯಾಕೆ?" ಠಾಣೆಯಲ್ಲಿ ಮಮತ ಕೇಳಿದಳು.

"ಯಾನ್ ಅಂತ ಬೆಲ್ಜಿಯಂ ಆಟಗಾರ. ದೊಡ್ಡಬಳ್ಳಾಪುರದೋರು ಅವನನ್ನ ಕರೆಸಿದಾರೆ. ನಮ್ಮ ಲೀಗ್ ಅಕ್ಟೋಬರ್ ಐದಕ್ಕೆ ಶುರುವಾಯ್ತು. ಅವನು ಆಮೇಲೂ ಅವನ ದೇಶದಲ್ಲಿ ನಾಲ್ಕು ಪಂದ್ಯ ಆಡಿದಾನೆ. ಅಂಥೋರನ್ನ ನೇರವಾಗಿ ಸೇರಿಸ್ಕೊಳ್ಳೋ ಹಾಗಿಲ್ಲ. ಒಂದು ದಿನ ವೇವರ್ ಪಟ್ಟೀಲಿ, ಅಂದ್ರೆ ಎಲ್ಲಾ ತಂಡಕ್ಕೂ ತೋರ್ಸೋ ಪಟ್ಟೀಲಿ, ಹೆಸರು ಹಾಕ್ಬೇಕು. ಅಂಕದಲ್ಲಿ ಕಟ್ಟಕಡೇಲಿರೋ ತಂಡಕ್ಕೆ ಮೊದಲ ಹಕ್ಕು. ಯಾರೂ ಬೇಡ ಅಂದ್ರೇನೇ ಕರೆಸಿದೋರಿಗೆ."

"ಕಟ್ಟಕಡೆಯಲ್ಲಿರೋದು ಯಾರು?"

"ನಾವೇ." ಅಂಥ ಸಂಕಟದಲ್ಲೂ ಬೀರೇಶನಿಗೆ ನಾಚಿಕೆಯಾಯಿತು. "ಪಟ್ಟಿ ಹಾಕ್ಸಿ ಅಂತ ಕೂಗಾಡಿದೆ. ಸಿಟ್ಟಲ್ಲಿ ಸ್ಟಿಕ್ ಅಲ್ಲೇ ಮರೆತು ಬಂದ್ಬಿಟ್ಟೆ."

ಎಲ್ಲರೂ ಹೇಳುವ ಕಥೆ, ಅಂದುಕೊಂಡಳು ಮಮತ. ಅಷ್ಟರಲ್ಲಿ ಪೇದೆ ದೇವೇಂದ್ರ ಬಂದ.

"ಮೇಡಂ, ಸ್ಟಿಕ್ ಮೇಲೆ ಒಂದು ಬೆರಳ ಗುರುತೂ ಇಲ್ಲ. ಒರೆಸಿ ಇಟ್ಟಿದಾರೆ."

ಗುರುತು ಒರೆಸುವಷ್ಟು ಬುದ್ಧಿ ಇರುವವನು ತನ್ನ ಹೆಸರಿರುವ ಸ್ಟಿಕ್ಕನ್ನೇ ಬಿಟ್ಟು ಹೋಗುತ್ತಾನೆಯೇ? ಆತುರಪಟ್ಟೆ ಎಂದು ಮಮತ ತನ್ನನ್ನೇ ಬೈದುಕೊಂಡಳು.

* * *

ಬೀರುವಿನಿಂದ ಏನೂ ಕಳುವಾಗಿರಲಿಲ್ಲ. ಮಮತ ಕಡತಗಳನ್ನು ಎರಡು ಸಲ ತಿರುವಿಹಾಕಿದಳು. ಸೆಪ್ಟೆಂಬರ್ ಕಡತದಲ್ಲಿ ಯಾನ್‌ನ ಒಪ್ಪಂದಪತ್ರ ಸಿಕ್ಕಿತು. ತಾರೀಖು ಸೆಪ್ಟೆಂಬರ್ ಇಪ್ಪತ್ತೊಂದು. ದೊಡ್ಡಬಳ್ಳಾಪುರ ತಂಡದ ಮಾಲೀಕ ಕೋದಂಡರಾಮಯ್ಯನವರ ಸಹಿ. ಲೀಗ್ ಶುರುವಾಗುವ ಮೊದಲೇ ಒಪ್ಪಂದ ಸಲ್ಲಿಸಿದ್ದರೆ ವೇವರ್ ಪಟ್ಟಿಯ ಗೊಡವೆಯೇ ಇಲ್ಲ. ಆದರೆ ಲಕ್ಷ್ಮಯ್ಯನವರ ಆವಕ ಪುಸ್ತಕದಲ್ಲಿ ಅದರ ನಮೂದೇ ಇರಲಿಲ್ಲ.

ಕಳ್ಳ ಏನನ್ನೂ ಒಯ್ದಿರಲಿಲ್ಲ. ಇಟ್ಟು ಹೋಗಿದ್ದ!

* * *

ಮಧ್ಯಾಹ್ನ ಎರಡಕ್ಕೆ ಅವಳು ದೊಡ್ಡಬಳ್ಳಾಪುರದಲ್ಲಿದ್ದಳು. ಕೋದಂಡರಾಮಯ್ಯ ಸೀರೆ ವ್ಯಾಪಾರಿ. ಅವರ ಮನೆಯಲ್ಲೇ ಹದಿನಾರು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ತಂಡದ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರ್ ವೇಣುಗೋಪಾಲ್ ಪಕ್ಕದಲ್ಲೇ ಕೂತಿದ್ದ.

"ಒಪ್ಪಂದ ಎಲ್ಲಿ ಆಯ್ತು?" ಮಮತ ಕೂಗಿ ಕೇಳಿದಳು.

"ಇಲ್ಲೇ ಮೇಡಂ," ವೇಣುಗೋಪಾಲ್ ತಡವರಿಸಲಿಲ್ಲ. "ಇದೇ ಮಗ್ಗದ ಸದ್ದು. ಒಂದೊಂದು ಸಾಲೂ ಕೂಗಿ ಕೂಗಿ ಓದಿ ಹೇಳ್ದೆ. ಆಮೇಲೆ ಅಣ್ಣ ಸಹಿ ಹಾಕಿದ್ರು."

"ಇಪ್ಪತ್ತೊಂದನೇ ತಾರೀಖೇ?"

"ಹೌದು."

"ಆವಕ ಪುಸ್ತಕದಲ್ಲಿ ಇಲ್ವಲ್ಲ?"

"ಲಕ್ಷ್ಮಯ್ಯನೋರಿಗೆ ವಯಸ್ಸಾಯ್ತು. ಮರೆತಿರ್ತಾರೆ."

"ಇವತ್ತು ಬೆಳಿಗ್ಗೆ ಎಲ್ಲಿದ್ರಿ?"

"ಊರು ಬಿಟ್ಟು ಕದಲಿಲ್ಲ."

ಮಮತ ಕೋದಂಡರಾಮಯ್ಯನವರತ್ತ ತಿರುಗಿದಳು. "ಯಜಮಾನ್ರೇ, ಆವತ್ತು ಮಹಾಲಯ ಅಮಾವಾಸ್ಯೆ. ನಮ್ಮನೇಲಿ ಹಿರಿಯರಿಗೆ ಎಡೆ ಇಟ್ಟಿದ್ವಿ, ರಜಾ ಹಾಕಿದ್ದೆ. ಅದಕ್ಕೇ ನೆನಪು."

ಯಜಮಾನರು ಎದ್ದು ಹೋಗಿ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದರು. ನೇಯುವವರು ತಬ್ಬಿಬ್ಬಾಗಿ ನೋಡಿದರು. ಮನೆಯೆಲ್ಲ ಗಪ್‌ಚಿಪ್ಪಾಯಿತು.

"ಆವತ್ತು ಹಿಂಗಿತ್ತು ಕಣಯ್ಯಾ ಈ ಮನೆ," ಅಂದರು ವೇಣುಗೋಪಾಲನತ್ತ ತಿರುಗಿ, ಮೆತ್ತಗೆ. "ನಮ್ಮಪ್ಪನ ಕಾಲದಿಂದ ಅಮಾವಾಸ್ಯೆ ದಿನ ಒಂದು ಮಗ್ಗಾನೂ ಆಡಿಲ್ಲ. ನಾನು ಪೆನ್ನೂ ಮುಟ್ಟಲ್ಲ. ಯಾವ ಸದ್ದಲ್ಲಿ ಕೂಗಿ ಓದ್ದೆ?"

ವೇಣುಗೋಪಾಲ್ ಎದ್ದು ನಿಂತ.

"ನಿನ್ನ ನಂಬಿ ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿ ಕೊಟ್ಟಿದ್ನಲ್ಲೋ! ಅದರ ಮೇಲೇ ಇದನ್ನ ಬರ್ದ್ಯಾ?"

"ಬೆಳಿಗ್ಗೆ ಎಂಟಕ್ಕೆ ನಿಮ್ಮ ಮೊಬೈಲ್ ಹೊಸಕೋಟೇಲಿತ್ತು," ಅಂದಳು ಮಮತ. "ಟವರ್ ವಿವರ ದಾರೀಲೇ ಬಂತು. ಪಟ್ಟಿಗೆ ಹೋದ್ರೆ ಯಾನ್ ನೆಲಮಂಗಲದ ಪಾಲು. ಅದಕ್ಕೆ ಹಳೇ ತಾರೀಖಿನ ಒಪ್ಪಂದ ಹುಟ್ಟಿಸಿದ್ರಿ. ಕ್ಯಾಲೆಂಡರಿನಲ್ಲಿ ತಾರೀಖು ನೋಡಿದ್ರಿ, ತಿಥಿ ನೋಡಲಿಲ್ಲ. ಕಡತಕ್ಕೆ ಸೇರಿಸುವಾಗ ಲಕ್ಷ್ಮಯ್ಯ ನೋಡಿಬಿಟ್ರು. ಕೈಗೆ ಸಿಕ್ಕಿದ್ದು ಬೀರೇಶನ ಸ್ಟಿಕ್."

"ಬರೀ ಹೆದರಿಸೋಣ ಅಂತ ಎತ್ತಿದೆ ಅಣ್ಣಾ..." ವೇಣುಗೋಪಾಲ್ ಕುಸಿದು ಕೂತ.

ಯಜಮಾನರು ಅವನತ್ತ ನೋಡಲಿಲ್ಲ. "ಆ ಬೆಲ್ಜಿಯಂ ಹುಡುಗನ ಹೆಸರು ಪಟ್ಟಿಗೆ ಹಾಕ್ಸಿಬಿಡಿ ಮೇಡಂ. ಯಾರಿಗೆ ಸಿಗಬೇಕೋ ಸಿಗ್ಲಿ."

* * *

ನಾಲ್ಕೂವರೆಗೆ ಮಮತ ಲಾಕಪ್ಪಿನ ಬಾಗಿಲು ತಾನೇ ತೆಗೆದಳು.

"ಲಕ್ಷ್ಮಯ್ಯನೋರಿಗೆ ಪ್ರಜ್ಞೆ ಬಂದಿದೆ. ವೇಣುಗೋಪಾಲ್ ಸಿಕ್ಕಿದಾನೆ. ನನ್ನಿಂದ ತಪ್ಪಾಯ್ತು, ಬೀರೇಶ್."

ಅವನ ಕಣ್ಣು ತುಂಬಿತು. ಆದರೂ ಹೊರಗೆ ಹೆಜ್ಜೆ ಇಡಲಿಲ್ಲ.

"ನನಗೆ ಹೇಳಿದ್ರೆ ಸಾಲದು ಮೇಡಂ. ಹದಿನೆಂಟು ಹುಡುಗರು ನೋಡಿದಾರೆ."

ಮಮತ ಟೋಪಿ ಹಾಕಿಕೊಂಡಳು. "ನಡೀರಿ. ಅವರ ಮುಂದೇನೇ ಹೇಳ್ತೀನಿ."