ಆಷಾಢದಲ್ಲಿ ಬೆಣ್ಣೆ ಹಣ್ಣು

ಗೇಟಿನ ಚಿಲಕ ಸದ್ದಾದಾಗ ನನ್ನ ಸೂಟ್‌ಕೇಸ್ ಬಂತು ಎಂದೇ ಅಂದುಕೊಂಡೆ.

ಅದು ಭದ್ರಾವತಿಯ ಜನ್ನಾಪುರದಲ್ಲಿ, ಗಂಡನ ಮನೆಯ ಮಂಚದ ಕೆಳಗಿತ್ತು. ತರಿಸಿಬಿಡಿ ಎಂದು ಹಿಂದಿನ ದಿನವಷ್ಟೇ ಅಪ್ಪನಿಗೆ ಹೇಳಿದ್ದೆ. ಹೊಸದಾಗಿ ಮದುವೆಯಾದವಳು ಆಷಾಢಕ್ಕೆ ತವರಿಗೆ ಬರುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಆಷಾಢ ಮುಗಿದರೂ ವಾಪಸು ಹೋಗುವುದಿಲ್ಲ ಎಂದು ಹಟ ಹಿಡಿದವಳು ನಮ್ಮ ಕಡೆ ನಾನೊಬ್ಬಳೇ ಇರಬೇಕು. ಅಮ್ಮ ಅತ್ತಳು. ಅಪ್ಪ ಫೋನ್ ಹತ್ತಿರ ಹೋಗಿ ಕೂತರು.

ಗೇಟಿನಲ್ಲಿ ನಿಂತಿದ್ದವರು ಸ್ವತಃ ವೀರೇಂದ್ರ, ನನ್ನ ಗಂಡ. ಕೈಯಲ್ಲಿ ಸೂಟ್‌ಕೇಸ್ ಇರಲಿಲ್ಲ. ಒಂದು ಬಟ್ಟೆ ಚೀಲ ಇತ್ತು. ಬಸ್ಸಿನ ನೂಕುನುಗ್ಗಲಲ್ಲಿ ಅದನ್ನು ಎದೆಗವಚಿಕೊಂಡು ಬಂದಿದ್ದರೆಂದು ಮುದುಡಿದ ಅಂಗಿಯೇ ಹೇಳುತ್ತಿತ್ತು.

"ಅಯ್ಯೋ, ಅಳಿಯಂದ್ರು!" ಎಂದು ಅಮ್ಮ ಒಳಗೆ ಓಡಿದಳು. ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸಿಲು ದಾಟಬಾರದು. ಮಗಳ ಸಂಸಾರವೇ ಮುರಿಯುತ್ತಿದ್ದರೂ ಅಮ್ಮನಿಗೆ ಹೊಸಿಲಿನ ಚಿಂತೆ.

"ನಾನು ಒಳಗೆ ಬರಲ್ಲ. ಇಲ್ಲೇ ಜಗಲಿ ಮೇಲೆ ಕೂತ್ಕೋತೀನಿ" ಎಂದರು ಅವರು.

ಎಷ್ಟೋ ದಿನಗಳಲ್ಲಿ ಅವರು ತಾವಾಗಿ ಆಡಿದ ಅತಿ ಉದ್ದದ ಮಾತು ಅದೇ.

ಮೊದಲು ಹೀಗಿರಲಿಲ್ಲ. ಹೆಣ್ಣು ನೋಡಲು ಬಂದ ದಿನ, ಕೇಸರಿಬಾತಿಗೆ ಸಕ್ಕರೆ ಕಮ್ಮಿ ಎಂದು ನನ್ನೆದುರೇ ಹೇಳಿ ಅವರಮ್ಮನ ಹತ್ತಿರ ತಿವಿಸಿಕೊಂಡಿದ್ದರು. ಮದುವೆಯಾದ ಹೊಸದರಲ್ಲೂ ಬಾಯಿ ತುಂಬ ಮಾತು. ಬೆಂಗಳೂರಿಗೆ ಹೋಗಿ ಬಂದ ಮೇಲೆ ಎಲ್ಲ ನಿಂತುಹೋಯಿತು. "ಊಟ?" ಎಂದರೆ "ಹ್ಞೂಂ." "ಸಾರು ಹೇಗಿದೆ?" ಎಂದರೆ "ಇದೆ." ಕಾರ್ಖಾನೆಯಿಂದ ಬಂದು, ಉಂಡು, ಗೋಡೆ ಕಡೆ ತಿರುಗಿ ಮಲಗುವುದು. ಇವರ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆಂದು ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಚೀಲದಿಂದ ಬೆಣ್ಣೆ ಹಣ್ಣುಗಳು ಹೊರಬಂದವು.

"ಜ್ಯೂಸ್ ಮಾಡ್ಬೇಕಾ?" ಎಂದೆ. ಹಾಲು, ಸಕ್ಕರೆ ಹಾಕಿ ಕುಡಿಯುವುದು ಬಿಟ್ಟರೆ ನಮ್ಮೂರಲ್ಲಿ ಆ ಹಣ್ಣಿಗೆ ಬೇರೆ ಗತಿಯಿಲ್ಲ.

"ಅಲ್ಲ. ಅವತ್ತು ಬೆಂಗಳೂರಲ್ಲಿ ತಿಂದ್ವಲ್ಲ, ಹಸಿರುದು. ಗ್ವಾಕಮೋಲೆ." ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿರಬೇಕು, ಒಂದಕ್ಷರ ತಪ್ಪಲಿಲ್ಲ. "ಹೋಟೆಲಿನವ್ರು ಮಾಡೋ ಹಾಗೇ ಮಾಡ್ತೀನಿ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಟೊಮೆಟೊ, ನಿಂಬೆಹಣ್ಣು ಬೇಕಿತ್ತು. ಕುಟ್ಟೋ ಕಲ್ಲು ಇದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಜಗಲಿಯ ಪಕ್ಕದ ಅಡುಗೆಮನೆ ಕಿಟಕಿಯಲ್ಲಿ ಬಳೆ ಸದ್ದಾಯಿತು. ಸರಳುಗಳ ನಡುವಿನಿಂದ ಅಮ್ಮನ ಕೈ ಬಂತು, ಈರುಳ್ಳಿ ಬಂತು, ಚಾಕು, ಉಪ್ಪು, ಉಳಿದದ್ದೆಲ್ಲ ಒಂದೊಂದಾಗಿ ಬಂದವು. ಕಲ್ಲಿನ ಕುಟ್ಟಾಣಿ ಮಾತ್ರ ತೂರಲಿಲ್ಲ. ನಾನೇ ಒಳಗೆ ಹೋಗಿ ಹೊತ್ತು ತಂದೆ.

ಅವರು ಈರುಳ್ಳಿ, ಮೆಣಸಿನಕಾಯಿಗೆ ಉಪ್ಪು ಬೆರೆಸಿ ಜಜ್ಜತೊಡಗಿದರು. ನಾನು ದೂರ, ಕಂಬಕ್ಕೆ ಒರಗಿ ಕೂತೆ.

"ಎಲ್ಲಿ ಕಲಿತ್ರಿ?"

"ಎಸ್‌ಟಿಡಿ ಬೂತಿಂದ ಆ ಹೋಟೆಲಿಗೇ ಫೋನ್ ಮಾಡಿದ್ದೆ. ಅಡುಗೆಯವ್ರು ಒಳ್ಳೇ ಜನ. ಹಣ್ಣನ್ನ ಮಿಕ್ಸಿಗೆ ಹಾಕ್ಬೇಡಿ, ಅಂಟಂಟಾಗುತ್ತೆ, ಕಲ್ಲಲ್ಲೇ ತರಿತರಿಯಾಗಿ ಮಸೀರಿ ಅಂದ್ರು. ಟೊಮೆಟೊ ಬೀಜ ತೆಗೀಬೇಕಂತೆ, ಇಲ್ದಿದ್ರೆ ನೀರಾಗುತ್ತಂತೆ."

ನನ್ನ ಪಿತ್ತ ನೆತ್ತಿಗೇರಿತು. "ಇಲ್ಲಿಗೆ ಬಂದಾಗಿಂದ ನಂಗೊಂದು ಫೋನಿಲ್ಲ. ಹೋಟೆಲ್ ಅಡುಗೆಯವ್ರ ಹತ್ರ ಮಾತಾಡಕ್ಕೆ ನಾಲಿಗೆ ಇತ್ತಾ ನಿಮ್ಗೆ?"

ಕುಟ್ಟುವ ಕೈ ನಿಂತಿತು.

"ಅವ್ರು ನಗಲಿಲ್ಲ ಮಧು."

"ಏನು?"

"ಅವತ್ತು ನೀನು ನಕ್ಕೆ. ಜನಾರ್ದನ ನಗ್ಲಿ, ಅವನ ಹೆಂಡ್ತಿ ನಗ್ಲಿ. ನೀನು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆ. ಡಿಗ್ರಿ ಓದಿದವಳು, ಎಂಥ ಪೆದ್ದನ್ನ ಕಟ್ಕೊಂಡೆ ಅಂತ ಅನ್ಸಿರ್ಬೇಕು ಅಂದ್ಕೊಂಡೆ. ಬಾಯಿ ಬಿಟ್ರೆ ಬಣ್ಣಗೇಡು ಅಂತ ಮುಚ್ಕೊಂಡೆ. ಇವತ್ತು ಇದನ್ನ ಸರಿಯಾಗಿ ಮಾಡಿ ತೋರಿಸಿ ಹೋಗೋಣ ಅಂತ ಬಂದೆ. ಸೂಟ್‌ಕೇಸ್ ಬೇಕು ಅಂದ್ರೆ ನಾಳೆ ಕಳಿಸ್ತೀನಿ."

ಅವರ ಚಿಕ್ಕಪ್ಪನ ಮಗ ಜನಾರ್ದನ ನಮ್ಮನ್ನು ಆ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ದಿದ್ದ. ವೇಟರ್ ತಂದಿಟ್ಟ ಬಟ್ಟಲಲ್ಲಿ ಹಸಿರು ಮುದ್ದೆ, ಪಕ್ಕದಲ್ಲಿ ಜೋಳದ ಚಿಪ್ಸು. ಎಲ್ಲರೂ ಗಂಭೀರವಾಗಿ ಕೂತಿದ್ದಾಗ ಇವರು ತಲೆಯೆತ್ತಿ, "ಚಟ್ನಿ ಬಂತು. ದೋಸೆ ಎಲ್ಲಿ ಮಾರಾಯ?" ಎಂದು ಕೇಳಿಬಿಟ್ಟಿದ್ದರು.

ನನಗೆ ಅಳು ಬಂತು, ಅಳುವಿಗಿಂತ ಮೊದಲು ಕೋಪ ಬಂತು. ಒಂದು ನಗುವಿಗೆ ಇಷ್ಟು ದಿನ ನನಗೆ ಬೆನ್ನು ಹಾಕಿ ಮಲಗಿದ್ದರಲ್ಲ!

"ಅವತ್ತೇ ನೀವು ನಂಗೆ ಹಿಡಿಸಿದ್ದು ಕಣ್ರೀ" ಎಂದೆ. "ಆ ಟೇಬಲ್ಲಲ್ಲಿ ಎಲ್ರೂ ಗೊತ್ತಿದ್ದವ್ರ ಹಾಗೆ ನಾಟಕ ಆಡ್ತಿದ್ರು. ನಾನೂ ಅಷ್ಟೇ. ನಂಗೂ ಅದು ಪುದೀನ ಚಟ್ನಿ ಅಂತಲೇ ಅನ್ಸಿತ್ತು. ಬಾಯಿಬಿಟ್ಟು ಕೇಳಿದವ್ರು ನೀವೊಬ್ರೇ. ಖುಷಿಗೆ ನಕ್ಕೆ."

"ಹಾಗಾದ್ರೆ ಹೇಳ್ಬಾರ್ದಿತ್ತಾ?"

"ಯಾರಿಗೆ? ನಿಮ್ಮ ಬೆನ್ನಿಗಾ?"

ಅವರು ತಲೆ ತಗ್ಗಿಸಿ ಹಣ್ಣು ಸೀಳಿದರು. ತಿರುಳು ಕುಟ್ಟಾಣಿಗೆ ಬಿತ್ತು. "ಬೇಗ ನಿಂಬೆ ಹಿಂಡ್ಬೇಕು, ಇಲ್ದಿದ್ರೆ ಕಪ್ಪಾಗುತ್ತೆ" ಎಂದು ತಮಗೇ ಹೇಳಿಕೊಂಡರು. ಕೈ ಜಾರುತ್ತಿತ್ತು. ಕಂಬ ಬಿಟ್ಟು ಹತ್ತಿರ ಸರಿದು ನಾನೇ ನಿಂಬೆ ಹಿಂಡಿದೆ. ಕೊತ್ತಂಬರಿ, ಟೊಮೆಟೊ ಬೆರೆಸಿದ ಮೇಲೆ ನನ್ನ ಅಂಗೈಗೆ ಚೂರು ಹಾಕಿದರು.

"ಉಪ್ಪು ನೋಡು."

ಹುಳಿ, ಖಾರ, ಬೆಣ್ಣೆ, ಎಲ್ಲ ಥೇಟ್ ಅವತ್ತಿನದೇ. ನನ್ನ ಮುಖವನ್ನೇ ನೋಡುತ್ತಿದ್ದ ಕಣ್ಣುಗಳು ನಾನು ನೋಡಿದ ಕೂಡಲೇ ಕುಟ್ಟಾಣಿಯ ಕಡೆ ಓಡಿದವು.

"ಅವತ್ತು ಕೇಳಿದ್ದನ್ನ ಇನ್ನೊಂದ್ಸಲ ಕೇಳಿ. ಅಷ್ಟೇ ಜೋರಾಗಿ."

"ನಗ್ತೀಯ."

"ನಗ್ತೀನಿ. ನಕ್ರೆ ಮುಖ ತಿರುಗಿಸ್ಬಾರ್ದು. ಆಗುತ್ತಾ?"

ಅವರ ಕಿವಿ ಕೆಂಪಾಯಿತು. ಗೇಟಿನ ಕಡೆ ನೋಡಿದರು. ಸವಳಂಗ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಎದ್ದು ಹೋಗಿಬಿಡುತ್ತಾರೇನೋ ಎನಿಸಿತು. ಹೋಗಬೇಡಿ ಎನ್ನಲು ಬಿಂಕ ಬಿಡಲಿಲ್ಲ.

"ಚಟ್ನಿ ಬಂತು" ಎಂದರು ಕೊನೆಗೆ, ಬೀದಿಗೆಲ್ಲ ಕೇಳುವ ಹಾಗೆ. "ದೋಸೆ ಎಲ್ಲಿ ಮಾರಾಯ್ತಿ?"

ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರ ಕತ್ತು ಗೋಡೆಯ ಕಡೆ ಅರ್ಧ ಹೊರಳಿತು, ನಿಂತಿತು, ಮೆಲ್ಲನೆ ನನ್ನ ಕಡೆಗೇ ವಾಪಸು ಬಂತು. ಆಮೇಲೆ ಅವರೂ ನಕ್ಕರು.

ಕಿಟಕಿಯೊಳಗಿಂದ ಅಮ್ಮನ ದನಿ ಬಂತು. "ಕಾವಲಿ ಕಾಯ್ತಿದೆ ಅಳಿಯಂದ್ರೇ, ಸ್ವಲ್ಪ ತಡೀರಿ!"

"ಅಮ್ಮಾ," ಎಂದು ಕೂಗಿದೆ, ಅವರ ಮುಖದಿಂದ ಕಣ್ಣು ತೆಗೆಯದೆ. "ಅಪ್ಪ ಬಂದ್ರೆ ಹೇಳು. ಸೂಟ್‌ಕೇಸ್ ಅಲ್ಲೇ ಇರ್ಲಿ."